ಗುಂಡಿ ನುಂಗಿದ ಟೈಲರ್ ಮಾಸ್ಟ್ರು

ಹೊಟ್ಟೆ ಚುರುಗುಟ್ಟುತ್ತಿದೆ, ಕೈಯಲ್ಲಿ ಕೆಲಸ ಹಾಗೇ ಉಳಿದಿದೆ, ಎದ್ದು ಹೋಗಿ ಉಣ್ಣಲು ಪುರುಸೊತ್ತಿಲ್ಲ. ಈ ಪಾಡು ಯಾರಿಗೆ ಗೊತ್ತಿಲ್ಲ ಹೇಳಿ? ಅಂಗಡಿಯವರಿಗೆ ಗೊತ್ತು, ಬಸ್ಸಿನ ಡ್ರೈವರಿಗೆ ಗೊತ್ತು, ಮೂರು ಮಕ್ಕಳ ತಾಯಿಗಂತೂ ಬಾಯಿಪಾಠ. ನಮ್ಮ ಬೀದಿಯ ಟೈಲರ್ ಮಾಸ್ಟ್ರು ಇದಕ್ಕೊಂದು ಉಪಾಯ ಕಂಡುಹಿಡಿದರು. ಆ ಉಪಾಯ ಅವರನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನೇ ಹೇಳುತ್ತೇನೆ, ಕೇಳಿ.

ನಾನು ಇಸ್ತ್ರಿಯವಳು. ಮಾಸ್ಟ್ರ ಅಂಗಡಿಗೆ ಒತ್ತಿಕೊಂಡೇ ನನ್ನ ಮೇಜು. ಒಂದೇ ತಗಡಿನ ಮಾಡು ಇಬ್ಬರಿಗೂ ನೆರಳು. ಅವರು ಹೊಲಿದದ್ದು ನನ್ನ ಮೇಜಿಗೆ ಬರುತ್ತದೆ, ನಾನು ಗೆರೆ ಕೂರಿಸಿ ಕೊಟ್ಟ ಮೇಲೆ ಗಿರಾಕಿಯ ಮೈಗೆ ಹೋಗುತ್ತದೆ. ಹದಿನಾಲ್ಕು ವರ್ಷದಿಂದ ಹೀಗೇ ನಡೆದಿದೆ. ಊರವರೆಲ್ಲ ಬಟ್ಟೆಯ ಹೊರಮೈ ನೋಡುತ್ತಾರೆ, ನಾನು ಒಳಮೈ ನೋಡುತ್ತೇನೆ. ಯಾರ ಜೇಬು ತೂತು, ಯಾರ ಕಾಲರು ತಿರುವಿ ಹೊಲಿಸಿದ್ದು, ಎಲ್ಲ ನನಗೆ ಗೊತ್ತು. ಯಾರಿಗೂ ಹೇಳುವುದಿಲ್ಲ, ಅಷ್ಟೇ.

ಮಾಸ್ಟ್ರ ಕೈ ಅಂದರೆ ಕೈ. ಕೋಟು ಹೊಲಿಯುವುದರಲ್ಲಿ ಅವರನ್ನು ಮೀರಿಸುವವರು ಈ ಸುತ್ತಿನಲ್ಲಿಲ್ಲ. ಸೀಮೆಸುಣ್ಣದಲ್ಲಿ ಒಂದೇ ಎಳೆತಕ್ಕೆ ಗೆರೆ ಎಳೆಯುತ್ತಾರೆ, ಕತ್ತರಿ ಇಟ್ಟರೆ ಆ ಗೆರೆಯಿಂದ ಕೂದಲೆಳೆಯಷ್ಟೂ ಆಚೀಚೆ ಸರಿಯುವುದಿಲ್ಲ. ಬಾಯಿ ಮಾತ್ರ ಕತ್ತರಿಗಿಂತ ಚುರುಕು. ಅವರ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತೇನೆ. ಕಾಜ ಹೊಲಿಯುವುದು, ಗುಂಡಿ ಹಾಕುವುದು ಅವರ ಪಾಲು. ಅಂಗಡಿಯ ಹಿಂದಿನ ಬಾಗಿಲು ತೆರೆದರೆ ಮನೆ, ಅಲ್ಲಿನ ಒಲೆಯೂ ಅವರ ಪಾಲೇ.

ಶಾಲೆಗಳು ಶುರುವಾಗುವ ಸಮಯ ಅದು. ಯೂನಿಫಾರ್ಮಿನ ಬಟ್ಟೆ ಅಂಗಡಿಯಲ್ಲಿ ಸೊಂಟದೆತ್ತರಕ್ಕೆ ಬೆಳೆದಿತ್ತು. ಒಂದು ಮಧ್ಯಾಹ್ನ ಅಕ್ಕ ಹಿಂದಿನ ಬಾಗಿಲಿನಿಂದ ಕೂಗಿದರು.

"ರೀ, ಬನ್ನಿ. ಬಡಿಸಿಟ್ಟಿದ್ದೀನಿ, ಆರಿಹೋಗುತ್ತೆ."

"ಬೇಡ ಕಣೇ. ಇವತ್ತಿಂದ ನಂಗೆ ಊಟ ಇಲ್ಲ."

"ಯಾಕೆ, ನಾನೇನು ಅಂದೆ ಈಗ?"

"ನೀನೇನೂ ಅಂದಿಲ್ಲ. ಇಲ್ಲಿ ನೋಡು." ಮಾಸ್ಟ್ರು ಐದು ಮಾತ್ರೆಗಳನ್ನು ಬಾಯಿಗೆ ಎಸೆದುಕೊಂಡು, ಪುಡಿ ಕಲಸಿದ ಒಂದು ಲೋಟ ನೀರನ್ನು ಗಟಗಟ ಕುಡಿದು, ಬಾಯಿ ಒರೆಸಿಕೊಂಡರು. "ಅರ್ಧ ನಿಮಿಷ. ಮುಗೀತು ಊಟ. ಇದರಲ್ಲಿ ಎಲ್ಲಾ ವಿಟಮಿನ್ನೂ ಇದೆ, ಕ್ಯಾಲ್ಸಿಯಂ ಇದೆ, ಕಬ್ಬಿಣ ಇದೆ, ಸತು ಇದೆ. ನಿನ್ನ ಅನ್ನ ಬೇಳೇಲಿ ಸತು ಇದೆಯಾ?"

ಅಕ್ಕ ಬಾಗಿಲಿನಲ್ಲೇ ನಿಂತು ಯೋಚಿಸಿದರು. "ಸತು ನಂಗೊತ್ತಿಲ್ಲ. ಉಪ್ಪು ಇದೆ. ಸೊಪ್ಪು ಬಿಡಿಸಿ, ಬೇಳೆ ಬೇಯಿಸಿ, ಒಂದು ಗಂಟೆ ಒಲೆ ಮುಂದೆ ಬೆಂದಿದ್ದೀನಿ. ಅದೂ ಅದರಲ್ಲೇ ಇದೆ."

"ಅದೇ ಹೇಳ್ತಿರೋದು! ನಿಂಗೂ ಒಂದು ಗಂಟೆ ಉಳೀತು, ನಂಗೂ ಉಳೀತು. ಅಷ್ಟರಲ್ಲಿ ಎರಡು ಚಡ್ಡಿ ಹೊಲೀತೀನಿ."

ಈ ಜ್ಞಾನ ಎಲ್ಲಿಂದ ಬಂತು ಎಂದರೆ, ವ್ಯಾಯಾಮಶಾಲೆ ನಡೆಸುವ ಒಬ್ಬ ಗಿರಾಕಿಯಿಂದ. ಅವನ ತೋಳಿನ ಸುತ್ತಳತೆ ಹದಿನೇಳು ಇಂಚು. ಅಷ್ಟು ತೋಳು ಹೇಗೆ ಬಂತು ಎಂದು ಮಾಸ್ಟ್ರು ಕೇಳಿದ್ದಕ್ಕೆ ಅವನು ಒಂದು ಡಬ್ಬಿ ತೋರಿಸಿದ್ದ. ಮಾಸ್ಟ್ರು ಒಂದು ಡಬ್ಬಿಗೆ ನಿಲ್ಲುವವರೇ? ಏಳು ಡಬ್ಬಿ ತಂದರು. ಅಕ್ಕನ ಗುಂಡಿ ಪೆಟ್ಟಿಗೆಯಲ್ಲಿ ಹನ್ನೆರಡು ಗೂಡುಗಳಿವೆ. ಅದರಲ್ಲಿ ಆರನ್ನು ಖಾಲಿ ಮಾಡಿಸಿ ಮಾತ್ರೆ ತುಂಬಿಸಿಟ್ಟರು. ಕಣ್ಣು ಹೊಲಿಗೆಯ ಮೇಲೆ, ಕಾಲು ಮೆಷಿನ್ನಿನ ಮೇಲೆ, ಎಡಗೈ ಪೆಟ್ಟಿಗೆಯೊಳಗೆ. ಹೊತ್ತಿಗೆ ಸರಿಯಾಗಿ ಒಂದಿಷ್ಟು ಬಾಚಿ ಬಾಯಿಗೆ. ಬೆಳಗಿನ ತಿಂಡಿ ಹೀಗೆ, ಮಧ್ಯಾಹ್ನದ ಊಟ ಹೀಗೆ. ರಾತ್ರಿ ಅಕ್ಕನ ಬಲವಂತಕ್ಕೆ ನಾಲ್ಕು ತುತ್ತು. ಅದನ್ನೂ ಉಪಕಾರ ಮಾಡಿದವರ ಹಾಗೆ ತಿನ್ನುತ್ತಿದ್ದರಂತೆ.

ಎರಡು ತಿಂಗಳು ಕಳೆಯಿತು. ಮಾಸ್ಟ್ರು ಹೇಗಿದ್ದರು? ನೋಡಿದವರಿಗೆ ಚೆನ್ನಾಗಿಯೇ ಇದ್ದರು. ಅಂಗಿ ಮೈಗೆ ಅಚ್ಚು ಹೊಯ್ದ ಹಾಗೆ, ಪ್ಯಾಂಟು ಸೊಂಟದಲ್ಲಿ ಸರಿಯಾಗಿ. ಬೇರೆ ಯಾರೇ ಬಡಕಲಾದರೂ ಬಟ್ಟೆ ಜೋಲುತ್ತದೆ, ನಾಲ್ಕು ಜನ ಏನಾಯಿತು ಎಂದು ಕೇಳುತ್ತಾರೆ. ಮಾಸ್ಟ್ರನ್ನು ಯಾರೂ ಕೇಳಲಿಲ್ಲ. "ಏನ್ ಮಾಸ್ಟ್ರೇ, ಹುಡುಗನ ಹಾಗೆ ಆಗ್ಬಿಟ್ರಲ್ಲ" ಎಂದು ಹೊಗಳಿ ಹೋದರು. ಅವರೂ ಉಬ್ಬಿಹೋದರು. ಉಬ್ಬಿದ್ದು ಮನಸ್ಸು ಮಾತ್ರ.

ಒಂದು ಸೋಮವಾರ ಅವರದೇ ಅಂಗಿ ನನ್ನ ಮೇಜಿಗೆ ಬಂತು. ಒಳಮೈ ತಿರುಗಿಸಿ ಇಸ್ತ್ರಿ ಇಡಬೇಕು ಅನ್ನುವಾಗ ಪಕ್ಕದ ಹೊಲಿಗೆ ಕಂಡಿತು. ಒಂದು ಸಾಲು ಇರಬೇಕಾದ ಕಡೆ ಐದು ಸಾಲು! ಒಂದರ ಒಳಗೆ ಒಂದು, ಅರ್ಧರ್ಧ ಇಂಚಿಗೆ. ಅಂದರೆ ಅಂಗಿ ಸಡಿಲವಾದಾಗಲೆಲ್ಲ ಈ ಮಹಾಶಯ ಮೆಷಿನ್ ಮುಂದೆ ಕೂತು ಹಿಡಿದು ಹೊಲಿದುಕೊಂಡಿದ್ದಾರೆ. ಮೈ ಕರಗಿದಷ್ಟೂ ಬಟ್ಟೆ ಕಿರಿದಾಗಿದೆ. ಹೆಂಡತಿಯ ಕಣ್ಣಿಗೂ ಬೀಳದಂತೆ ಮನುಷ್ಯ ಸವೆದುಹೋಗುತ್ತಿದ್ದಾನೆ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಅಂಗಿ ಹಿಡಿದುಕೊಂಡೇ ಒಳಗೆ ಹೋದೆ.

"ಮಾಸ್ಟ್ರೇ, ಏನಿದು?"

ಅವರು ತಲೆಯನ್ನೂ ಎತ್ತಲಿಲ್ಲ. "ಅದಾ? ನಿನ್ನ ಇಸ್ತ್ರಿ ಬಿಸಿಗೆ ಬಟ್ಟೆ ಹಿಗ್ಗಿದೆ. ಕೆಂಡ ಸ್ವಲ್ಪ ಕಮ್ಮಿ ಹಾಕು."

ನನಗೆ ಪಿತ್ತ ನೆತ್ತಿಗೇರಿತು. "ಊರವರದ್ದೆಲ್ಲ ಬಿಟ್ಟು ನಿಮ್ಮದೊಂದೇ ಹಿಗ್ಗಿತಾ? ಹದಿನಾಲ್ಕು ವರ್ಷ ಹಿಗ್ಗದೇ ಇದ್ದದ್ದು ಈ ಎರಡು ತಿಂಗಳಲ್ಲಿ ಹಿಗ್ಗಿತಾ?"

"ಬಟ್ಟೆಗಳ ಗುಣಮಟ್ಟ ಈಗ ಕೆಟ್ಟಿದೆ, ಇಸ್ತ್ರಿಯಮ್ಮ," ಎಂದು ತಾಳ್ಮೆಯಿಂದ ನನಗೇ ಬುದ್ಧಿ ಹೇಳಿದರು.

ಆ ಹೊತ್ತಿಗೇ ಪೋಸ್ಟಮ್ಮ ಬಂದರು. ನಮ್ಮ ಬೀದಿಗೆ ಕಾಗದ ಹಂಚುವವರು, ಎಲ್ಲರಿಗೂ ಪೋಸ್ಟಮ್ಮನೇ. ಚೀಲದಿಂದ ಕಾಗದದ ಬದಲು ಒಂದು ಗಂಟು ತೆಗೆದು ಮೇಜಿನ ಮೇಲೆ ಬಿಚ್ಚಿದರು. ಬೂದುಬಣ್ಣದ ಉಣ್ಣೆಯ ಬಟ್ಟೆ. ಹಾಗೆ ಮುಟ್ಟಿದರೆ ಕೈಗೆ ಹಿತವಾಗುವಂಥದ್ದು.

"ಅಪ್ಪ ಕೋಟಿಗೆ ಅಂತ ತಂದಿದ್ದು ಮಾಸ್ಟ್ರೇ. ಈ ವರ್ಷ ಹೊಲಿಸ್ತೀನಿ, ಮುಂದಿನ ವರ್ಷ ಹೊಲಿಸ್ತೀನಿ ಅಂತಿದ್ರು. ಹೊಲಿಸದೇನೇ ಹೋಗ್ಬಿಟ್ರು. ಹನ್ನೊಂದು ವರ್ಷ ಟ್ರಂಕಿನಲ್ಲಿತ್ತು. ನಂಗೇ ಒಂದು ಕೋಟು ಮಾಡಿಕೊಡಿ. ಅಳತೆಗೆ ಸರಿಯಾಗಿದೆ, ಒಂದು ಗೇಣೂ ಹೆಚ್ಚಿಲ್ಲ. ಈಗ ಇಂಥಾ ಬಟ್ಟೆ ಎಲ್ಲೂ ಸಿಗಲ್ಲ. ಕತ್ತರಿಸೋ ದಿನ ಹೇಳಿ, ನಾನು ಎದುರಿಗೇ ಇರ್ತೀನಿ."

"ಗುರುವಾರ ಬೆಳಿಗ್ಗೆ ಬನ್ನಿ," ಎಂದರು ಮಾಸ್ಟ್ರು. ಟೇಪು ಹಿಡಿದು ಅಳತೆ ತೆಗೆದು, ಬರೆದುಕೊಳ್ಳಲು ಪೆನ್ಸಿಲ್ ಎತ್ತಿದರು. ಬರೆದ ಮೂವತ್ತಾರು ನನ್ನ ಕಣ್ಣಿಗೆ ಬಿತ್ತು. ಎರಡಂಕಿಯೂ ನಡುಗಿ ನಡುಗಿ ಬರೆದದ್ದು. ಅಕ್ಕನ ಕಣ್ಣಿಗೂ ಬಿತ್ತು. ಪೋಸ್ಟಮ್ಮ ಹೋದ ಮೇಲೆ ಅಕ್ಕ ನನ್ನ ಮೇಜಿನ ಹತ್ತಿರ ಬಂದು ಪಿಸುಗುಟ್ಟಿದರು.

"ಸೂಜಿಗೆ ದಾರ ಪೋಣಿಸೋಕೆ ಆಗ್ತಿಲ್ಲ ಕಣೇ ಇವರಿಗೆ. ನಿನ್ನೆ ಏಳು ಸಲ ಪ್ರಯತ್ನಪಟ್ಟು ನನ್ನ ಕೈಗೇ ಕೊಟ್ರು. ಏಳುವಾಗ ಗೋಡೆ ಹಿಡಿದು ಏಳ್ತಾರೆ. ಆ ಬಟ್ಟೇನ ಈ ಕೈಲಿ ಹೇಗೆ ಕತ್ತರಿಸ್ತಾರೆ? ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಆ ಹೆಣ್ಣುಮಗಳಿಗೆ ಏನು ಉತ್ತರ ಕೊಡೋದು?" ಅನ್ನುವಾಗ ಅವರ ಕಣ್ಣು ತುಂಬಿತ್ತು.

ಬುಧವಾರ ನಾನು ಆರೋಗ್ಯ ಕೇಂದ್ರಕ್ಕೆ ಹೋಗಿ ನರ್ಸಮ್ಮನನ್ನು ಕರೆದುಕೊಂಡೇ ಬಂದೆ. ನರ್ಸಮ್ಮ ಮೆತ್ತಗೆ ಮಾತಾಡುವ ಹೆಂಗಸು. ಆದರೆ ಹಿಡಿದರೆ ಬಿಡುವವರಲ್ಲ. ನಾವು ಅಂಗಡಿಗೆ ಕಾಲಿಟ್ಟಾಗ ಒಳಗೆ ದೊಡ್ಡ ಗಲಾಟೆ. ಅಕ್ಕ ಮಂಡಿಯೂರಿ ಮೆಷಿನ್ನಿನ ಕೆಳಗೆ ಹುಡುಕುತ್ತಿದ್ದರು.

"ಒಂದು ಗುಂಡಿ ಕಾಣ್ತಿಲ್ಲ ನರ್ಸಮ್ಮ. ಬಿಳೀ ಅಂಗಿ ಗುಂಡಿ. ಬೆಳಿಗ್ಗೆ ಏಳು ಎಣಿಸಿ ಪೆಟ್ಟಿಗೇಲಿ ಇಟ್ಟಿದ್ದೆ, ಈಗ ಆರೇ ಇದೆ."

"ಎಲ್ಲೋ ಬಿದ್ದಿರುತ್ತೆ ಬಿಡೇ," ಎಂದು ಮಾಸ್ಟ್ರು ನರ್ಸಮ್ಮನಿಗೆ ಸ್ಟೂಲು ಎಳೆದರು. ಏನಕ್ಕೆ ಬಂದಿದ್ದಾರೆ ಎಂದು ಗೊತ್ತಾದ ಮೇಲಂತೂ ಅವರ ಉತ್ಸಾಹ ಹೆಚ್ಚಿತು. "ನೀವೇ ನೋಡಿ ನರ್ಸಮ್ಮ, ನಂಗೇನಾಗಿದೆ? ಇವತ್ತು ಬೆಳಿಗ್ಗೆ ತಗೊಂಡಮೇಲಂತೂ ಏನು ಚೈತನ್ಯ! ಹೊಸಾ ಮಾತ್ರೆ ಒಂದಿದೆ, ಬೆಳ್ಳಗೆ, ಚಪ್ಪಟೆಯಾಗಿ, ಸ್ವಲ್ಪ ಗಟ್ಟಿ. ನುಂಗೋವಾಗ ಗಂಟಲಲ್ಲಿ ತಡೀತು, ಆದ್ರೆ ಅದರ ಶಕ್ತೀನೇ ಬೇರೆ."

ಅಕ್ಕ ಮೆಷಿನ್ನಿನ ಕೆಳಗಿನಿಂದ ನಿಧಾನವಾಗಿ ತಲೆ ಹೊರಗೆ ಹಾಕಿದರು. "ರೀ. ಬೆಳ್ಳಗಿರೋ ಮಾತ್ರೆ ನಿಮ್ಮತ್ರ ಯಾವುದೂ ಇಲ್ಲ."

ನರ್ಸಮ್ಮ ಪೆಟ್ಟಿಗೆಯನ್ನು ಹತ್ತಿರ ಎಳೆದುಕೊಂಡು ಗೂಡುಗಳನ್ನು ನೋಡಿದರು. ಹಳದಿ ಮಾತ್ರೆ, ಕೆಂಪು ಮಾತ್ರೆ, ಕಂದು ಮಾತ್ರೆ, ಮೀನೆಣ್ಣೆಯ ಗುಳಿಗೆ. ಅದರ ಪಕ್ಕದ ಗೂಡಿನಲ್ಲಿ ಆರು ಬಿಳಿ ಗುಂಡಿ.

"ನಾಲ್ಕು ತೂತಿನದಾ?" ಎಂದು ಅವರು ಗಂಭೀರವಾಗಿ ಕೇಳಿದರು.

"ಹೌದು," ಎಂದರು ಅಕ್ಕ.

ನನಗೆ ತಡೆಯಲಾಗಲಿಲ್ಲ. ಹೊರಗೆ ಓಡಿಹೋಗಿ ನನ್ನ ಮೇಜು ಹಿಡಿದುಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ತಿರುಗಿ ಒಳಗೆ ಬಂದಾಗ ಮಾಸ್ಟ್ರ ಮುಖ ಕಡುಗೆಂಪಾಗಿತ್ತು.

"ಹೆದರಬೇಡಿ," ನರ್ಸಮ್ಮ ಹೇಳುತ್ತಿದ್ದರು, "ಅಷ್ಟು ಚಿಕ್ಕದು ಸಾಮಾನ್ಯವಾಗಿ ತಾನಾಗೇ ಹೊರಟುಹೋಗುತ್ತೆ. ಹೊಟ್ಟೆನೋವು, ವಾಂತಿ ಏನಾದ್ರೂ ಬಂದ್ರೆ ಮಾತ್ರ ತಕ್ಷಣ ಆಸ್ಪತ್ರೆಗೆ ಬನ್ನಿ. ಆದ್ರೆ ಒಂದು ಮಾತು ಹೇಳಿ. ಗುಂಡಿಯಿಂದ ಚೈತನ್ಯ ಬಂತಾ?"

ಮಾಸ್ಟ್ರು ಕೊರಳಿನ ಟೇಪು ತೆಗೆದು ಬೆರಳಿಗೆ ಸುತ್ತತೊಡಗಿದರು.

"ಡಬ್ಬಿ ನೋಡಿದಾಗಲೇ ಅರ್ಧ ಚೈತನ್ಯ ಬಂದ್ಬಿಡುತ್ತೆ ಮಾಸ್ಟ್ರೇ. ಶಕ್ತಿ ಬಂತು ಅಂತ ಮನಸ್ಸು ಅಂದ್ಕೊಳ್ಳುತ್ತೆ. ಮೈ ಅಂದ್ಕೊಳ್ಳಲ್ಲ. ಎಲ್ಲಿ, ನಿಮ್ಮ ಟೇಪು ಕೊಡಿ."

ಅವರದೇ ಟೇಪಿನಲ್ಲಿ ನರ್ಸಮ್ಮ ಅವರ ಎದೆ, ಸೊಂಟ ಅಳೆದರು. ಮಾಸ್ಟ್ರು ತಮ್ಮ ಅಳತೆಯನ್ನೂ ಪುಸ್ತಕದಲ್ಲಿ ಬರೆದಿಟ್ಟುಕೊಂಡವರು. ಅಕ್ಕ ಆ ಪುಟ ತೆರೆದು ಓದಿದರು. ಎದೆ ಮೂವತ್ತೆಂಟು ಇದ್ದದ್ದು ಮೂವತ್ತೈದಕ್ಕೆ ಬಂದಿತ್ತು. ಸೊಂಟದಲ್ಲಿ ನಾಲ್ಕು ಇಂಚು ಮಾಯ.

"ಟೇಪು ಹಳೇದು," ಎಂದರು ಮಾಸ್ಟ್ರು.

"ಹಳೇ ಟೇಪು ಹಿಗ್ಗಿದ್ರೆ ಅಷ್ಟಿಷ್ಟು ತಪ್ಪೀತು. ನಾಲ್ಕು ಇಂಚು ತಪ್ಪುತ್ತಾ?" ಎಂದೆ ನಾನು. ಬಟ್ಟೆ ಹಿಗ್ಗಿದೆ ಎಂದು ನನ್ನ ತಲೆಗೆ ಕಟ್ಟಿದ್ದರ ಸಿಟ್ಟು ಇನ್ನೂ ಇತ್ತು ನೋಡಿ.

ಮಾಸ್ಟ್ರು ಸೋಲಲಿಲ್ಲ. "ಹಾಗಾದ್ರೆ ನಿಮ್ಮ ಕೇಂದ್ರದಲ್ಲೇ ಗರ್ಭಿಣಿಯರಿಗೆ ಕಬ್ಬಿಣದ ಮಾತ್ರೆ ಯಾಕೆ ಕೊಡ್ತೀರಿ? ಅವರಿಗೆ ಒಳ್ಳೇದು, ನಂಗೆ ಕೆಟ್ಟದ್ದಾ?"

"ಒಳ್ಳೇ ಪ್ರಶ್ನೆ. ಅವರಿಗೆ ಊಟದ ಜೊತೆಗೆ ಕೊಡ್ತೀವಿ, ಊಟದ ಬದಲಿಗಲ್ಲ. ಅವರ ಮೈಗೆ ಊಟದಲ್ಲಿ ಸಿಗೋದು ಸಾಲದೇ ಬರುತ್ತೆ, ಅದಕ್ಕೆ ಲೆಕ್ಕ ನೋಡಿ ಕೊಡ್ತೀವಿ. ಹಾಗೇ ರಕ್ತ ಕಮ್ಮಿ ಇರೋರಿಗೆ, ವಯಸ್ಸಾದೋರಿಗೆ, ಕೆಲವು ಕಾಯಿಲೆಯೋರಿಗೆ ಡಾಕ್ಟರು ಬರೆದುಕೊಡ್ತಾರೆ. ಅಂಥೋರು ಅದನ್ನ ಬಿಡಲೇಬಾರದು. ನಿಮಗೆ ಬರೆದುಕೊಟ್ಟಿದ್ದು ಯಾರು?"

"ಅದು... ಹದಿನೇಳು ಇಂಚು ತೋಳಿನವನು."

"ಅವನು ಊಟ ಮಾಡಲ್ವಂತಾ?" ಅಕ್ಕ ಥಟ್ಟನೆ ಕೇಳಿದರು. "ಅಂಗಿ ಹಾಕಿ ನೋಡೋಕೆ ಬಂದಾಗಲೆಲ್ಲ ನಾಲ್ಕು ಅಂತಸ್ತಿನ ಟಿಫಿನ್ ಕ್ಯಾರಿಯರ್ ಇಲ್ಲೇ ಇಟ್ಟಿರ್ತಿದ್ನಲ್ರೀ! ಒಂದರಲ್ಲಿ ಬರೀ ಮೊಟ್ಟೇನೇ ಇರ್ತಿತ್ತು."

ಮಾಸ್ಟ್ರಿಗೆ ಅದು ಹೊಸ ಸುದ್ದಿ. ಡಬ್ಬಿ ನೋಡಿದ್ದರು, ಕ್ಯಾರಿಯರ್ ನೋಡಿರಲಿಲ್ಲ.

ನರ್ಸಮ್ಮ ಏಳು ಡಬ್ಬಿಗಳ ಮೇಲಿನ ಬರಹವನ್ನೂ ಕನ್ನಡಕ ಸರಿಮಾಡಿಕೊಂಡು ಓದಿದರು. "ಈ ಎರಡು ಡಬ್ಬೀಲಿ ಇರೋದು ಒಂದೇ. ಹೆಸರು ಬೇರೆ ಅಷ್ಟೇ. ಎರಡೆರಡು ಪಾಲು ಕಬ್ಬಿಣ, ಎರಡೆರಡು ಪಾಲು ವಿಟಮಿನ್ ಎ ಒಳಗೆ ಹೋಗ್ತಿದೆ. ಕೇಳದೆ ಇಷ್ಟು ತಗೊಂಡ್ರೆ ಅದು ಮೈಯಲ್ಲೇ ಸೇರಿಕೊಂಡು ಲಿವರ್‌ಗೆ ತೊಂದರೆ ಕೊಡುತ್ತೆ. ಬೇರೆ ಔಷಧಿ ತಗೊಳ್ಳೋರಾದ್ರೆ ಅದರ ಕೆಲಸಾನೂ ಕೆಡಿಸಬಹುದು."

"ಹೆಚ್ಚಾದ್ರೆ ಇನ್ನೂ ಒಳ್ಳೇದಲ್ವಾ?"

"ಒಂದು ಅಂಗಿಗೆ ಇಪ್ಪತ್ತು ಗುಂಡಿ ಹಾಕಿದ್ರೆ ಒಳ್ಳೇದಾ?"

"ಅದು ಬೇರೆ, ಇದು ಬೇರೆ."

"ಬೇರೆ ಏನಿಲ್ಲ. ನಾಳೆ ಕೋಟು ಕತ್ತರಿಸ್ತೀರಂತಲ್ಲ. ಈಗ ನಾನು ನಿಮಗೆ ಗುಂಡಿ ಕೊಡ್ತೀನಿ, ದಾರ ಕೊಡ್ತೀನಿ, ಕಾಲರಿಗೆ ಕ್ಯಾನ್ವಾಸ್ ಕೊಡ್ತೀನಿ, ಎಲ್ಲಾ ಒಳ್ಳೇ ಕಂಪನಿದು. ಬಟ್ಟೆ ಮಾತ್ರ ಕೊಡಲ್ಲ. ಕೋಟು ಹೊಲಿದುಕೊಡಿ."

"ಬಟ್ಟೆ ಇಲ್ದೆ ಕೋಟು ಎಲ್ಲಿಂದ ಬರುತ್ತೆ ನರ್ಸಮ್ಮ? ಗುಂಡಿ ಏನು ಗಾಳಿ ಮೇಲೆ..." ಎಂದು ಶುರು ಮಾಡಿದ ಮಾಸ್ಟ್ರು ಅಲ್ಲೇ ನಿಂತರು.

"ಅದೇ ನಾನೂ ಹೇಳೋದು. ಅನ್ನ, ಗೋಧಿ, ಬೇಳೆಕಾಳು, ಎಣ್ಣೆ, ಮೊಟ್ಟೆ, ಹಾಲು, ಇವೇ ಬಟ್ಟೆ. ಮೈಗೆ ಶಕ್ತಿ ಅಲ್ಲಿಂದ ಬರುತ್ತೆ. ವಿಟಮಿನ್ ಮಾತ್ರೇಲಿ ಶಕ್ತಿ ಇಲ್ಲ, ತಿಂದ ಊಟದಿಂದ ಶಕ್ತಿ ತೆಗೆಯೋಕೆ ಸಹಾಯ ಮಾಡುತ್ತೆ ಅಷ್ಟೇ. ಊಟವೇ ಇಲ್ಲ ಅಂದ್ರೆ ಮೈ ತನ್ನನ್ನೇ ತಿನ್ನುತ್ತೆ. ಆ ನಾಲ್ಕು ಇಂಚು ಹೋಗಿದ್ದು ಅಲ್ಲಿಗೇ. ಆ ಲೋಟದ ಪುಡೀಲಿ ಒಂದು ಪೂರ್ತಿ ಊಟದ ಶಕ್ತೀಲಿ ಕಾಲು ಪಾಲೂ ಇಲ್ಲ. ಸೊಪ್ಪು, ತರಕಾರಿ, ಹಣ್ಣಿನಲ್ಲಿರೋ ನಾರು ಯಾವ ಮಾತ್ರೇಲೂ ಇಲ್ಲ. ಹೊಟ್ಟೆ ಸರಿಯಾಗಿ ಹೋಗ್ತಿದೆಯಾ?"

ಮಾಸ್ಟ್ರು ನನ್ನ ಕಡೆ ನೋಡಿದರು. ನಾನು ಮಾಡಿನ ತಗಡು ನೋಡಿದೆ. "ಅದೊಂದು ಕೇಳಬೇಡಿ," ಎಂದರು ಮೆಲ್ಲಗೆ.

ಇಷ್ಟಾದರೂ ಮನುಷ್ಯ ಒಪ್ಪಿದರೇ? "ಮಾತೇನೋ ಚೆನ್ನಾಗಿದೆ, ಯೋಚನೆ ಮಾಡ್ತೀನಿ" ಎಂದು ಹೇಳಿ ಕಳಿಸಿದರು. ಅವತ್ತು ಮಧ್ಯಾಹ್ನವೂ ಎಡಗೈ ಪೆಟ್ಟಿಗೆಯೊಳಗೇ ಹೋಯಿತು. ಈ ಸಲ ಕಣ್ಣಿಟ್ಟು ನೋಡಿ ನುಂಗಿದರು, ಅಷ್ಟೇ ವ್ಯತ್ಯಾಸ.

ಗುರುವಾರ ಬೆಳಿಗ್ಗೆ ಪೋಸ್ಟಮ್ಮ ಬಂದರು. ಮೇಜಿನ ಮೇಲೆ ಬೂದು ಬಟ್ಟೆ ಹರಡಿತ್ತು. ನಾನು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ಬಾಗಿಲಲ್ಲಿ ನಿಂತೆ. ಅಕ್ಕ ಹಿಂದಿನ ಬಾಗಿಲಲ್ಲಿ ನಿಂತಿದ್ದರು, ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು. ಮಾಸ್ಟ್ರು ಸೀಮೆಸುಣ್ಣ ಎಳೆದರು. ಒಂದೇ ಎಳೆತಕ್ಕೆ ಬರಬೇಕಾದ ತೋಳಿನ ಗೆರೆ ಮೂರು ಕಡೆ ಅಲುಗಿತು. ಒರೆಸಿ ಇನ್ನೊಮ್ಮೆ ಎಳೆದರು. ಮತ್ತೂ ಅಲುಗಿತು. ಹಣೆಯಲ್ಲಿ ಬೆವರು. ಕತ್ತರಿ ಎತ್ತಿ ಬಟ್ಟೆಯ ಅಂಚಿಗೆ ಇಟ್ಟರು. ಕತ್ತರಿಯ ಎರಡು ಅಲಗು ಒಂದಕ್ಕೊಂದು ತಾಗಿ ಕಟಕಟ ಸದ್ದು ಮಾಡತೊಡಗಿತು. ಅವರು ಇನ್ನೂ ಒತ್ತಿರಲಿಲ್ಲ.

ಆ ಸದ್ದು ನಮ್ಮೆಲ್ಲರಿಗೂ ಕೇಳಿತು. ಯಾರಿಗೂ ನಗು ಬರಲಿಲ್ಲ. ಇಪ್ಪತ್ತೆಂಟು ವರ್ಷ ಅನ್ನ ಹಾಕಿದ ಕೈ ಅದು. ನನಗೆ ನೋಡಲಾಗಲಿಲ್ಲ.

ಮಾಸ್ಟ್ರು ಕತ್ತರಿಯನ್ನು ನಿಧಾನಕ್ಕೆ ಮೇಜಿನ ಮೇಲೆ ಇಟ್ಟರು. "ಅಮ್ಮಾ, ಇವತ್ತು ನನ್ನ ಕೈಲಿ ಆಗಲ್ಲ. ಕತ್ತರಿಸಿದ್ರೆ ನಿಮ್ಮ ಅಪ್ಪನ ಬಟ್ಟೆ ಹಾಳಾಗುತ್ತೆ. ತಪ್ಪು ನಂದೇ. ಇಸ್ತ್ರೀದೂ ಅಲ್ಲ, ಟೇಪಿಂದೂ ಅಲ್ಲ. ಊಟ ಬಿಟ್ಟು ಕೂತಿದ್ದೆ. ಬೇಕಾದ್ರೆ ಬೇರೆ ಟೈಲರ್ ಹತ್ರ ಕೊಡಿ."

ಪೋಸ್ಟಮ್ಮ ಬಟ್ಟೆಯನ್ನು ಮಡಚಿದರು. ತೆಗೆದುಕೊಂಡು ಹೋಗುತ್ತಾರೆ ಅಂದುಕೊಂಡೆ. ಅವರು ಅದನ್ನು ಮಾಸ್ಟ್ರ ಕಪಾಟಿನೊಳಗೇ ಇಟ್ಟು ಬಾಗಿಲು ಹಾಕಿದರು.

"ಹನ್ನೊಂದು ವರ್ಷ ಕಾದ ಬಟ್ಟೆ ಇನ್ನೊಂದು ತಿಂಗಳು ಕಾಯಲ್ವಾ? ನೀವು ಮೊದಲು ಹೋಗಿ ಊಟ ಮಾಡಿ ಮಾಸ್ಟ್ರೇ."

ಊಟಕ್ಕೆ ಹೋಗುವ ಪ್ರಮೇಯವೇ ಬರಲಿಲ್ಲ. ಅಕ್ಕ ತಟ್ಟೆಯನ್ನು ಅಂಗಡಿಗೇ ತಂದು ಕತ್ತರಿಯ ಪಕ್ಕ ಇಟ್ಟರು. ಅನ್ನ, ಬೇಳೆ, ಸೊಪ್ಪಿನ ಪಲ್ಯ, ಒಂದು ಮೊಟ್ಟೆ. ಮಾಸ್ಟ್ರು ಒಂದು ತುತ್ತು ಬಾಯಿಗಿಟ್ಟು ಅಗಿದರು, ನುಂಗಿದರು, ಹೆಂಡತಿಯ ಮುಖ ನೋಡಿದರು.

"ಉಪ್ಪು ಸ್ವಲ್ಪ ಕಮ್ಮಿ ಕಣೇ."

ಎರಡು ತಿಂಗಳಾದ ಮೇಲೆ ಹಗಲೂಟಕ್ಕೆ ಕೈಹಾಕಿದ ಗಂಡ, ಮೊದಲ ತುತ್ತಿಗೇ ತಪ್ಪು ಹುಡುಕಿದ. ಬೇರೆ ದಿನವಾಗಿದ್ದರೆ ಅಕ್ಕ ಸುಮ್ಮನಿರುತ್ತಿರಲಿಲ್ಲ. ಅವತ್ತು ನಕ್ಕರು, ನಗುತ್ತಲೇ ಅತ್ತರು, ಒಳಗೆ ಹೋಗಿ ಉಪ್ಪು ತಂದರು.

ನರ್ಸಮ್ಮ ಅವರನ್ನು ಡಾಕ್ಟರ ಹತ್ತಿರ ಕಳಿಸಿ ರಕ್ತ ಪರೀಕ್ಷೆ ಮಾಡಿಸಿದರು. ಒಂದೇ ಸಲ ಹೊಟ್ಟೆ ಬಿರಿಯ ಉಣ್ಣಬೇಡಿ, ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿ ಎಂದು ಹೇಳಿದರು. ಡಾಕ್ಟರು ಏಳು ಡಬ್ಬಿಯಲ್ಲಿ ಆರನ್ನು ಬಿಡಿಸಿ, ಒಂದನ್ನು ಮಾತ್ರ ಮೂರು ತಿಂಗಳು ಊಟವಾದ ಮೇಲೆ ತೆಗೆದುಕೊಳ್ಳಲು ಬರೆದುಕೊಟ್ಟರು. ಈಗ ಮಧ್ಯಾಹ್ನ ಒಂದರಿಂದ ಎರಡರ ತನಕ ಅಂಗಡಿಯ ಬಾಗಿಲು ಅರ್ಧ ಮುಚ್ಚಿರುತ್ತದೆ. ಅವಸರದ ಗಿರಾಕಿ ಬಂದು ಕೂಗಿದರೆ "ಉಣ್ತಾ ಇದ್ದೀನಿ, ನೀವೂ ಉಂಡು ಬನ್ನಿ" ಎಂದು ಒಳಗಿನಿಂದ ಉತ್ತರ ಬರುತ್ತದೆ.

ಐದನೇ ವಾರ ಪೋಸ್ಟಮ್ಮನನ್ನು ಕರೆಸಿದರು. ಸೀಮೆಸುಣ್ಣದ ಗೆರೆ ಒಂದೇ ಎಳೆತಕ್ಕೆ ಬಂತು. ಕತ್ತರಿ ಬಟ್ಟೆಯ ಮೇಲೆ ಸದ್ದಿಲ್ಲದೆ ಹೋಯಿತು. ಪೋಸ್ಟಮ್ಮ ಉಸಿರು ಹಿಡಿದು ನಿಂತಿದ್ದರು. ಕೊನೆಯ ತುಂಡು ಬೇರೆಯಾದಾಗ ಅವರು "ಅಪ್ಪಾ" ಎಂದಷ್ಟೇ ಅಂದರು. ಆ ಕೋಟಿಗೆ ಇಸ್ತ್ರಿ ಇಟ್ಟವಳು ನಾನೇ. ಒಳಮೈ ತಿರುಗಿಸಿ ನೋಡಿದೆ. ಹೊಲಿಗೆ ಒಂದೇ ಸಾಲು, ನೆಟ್ಟಗೆ.

ಅಕ್ಕಂದಿರೇ, ಅಣ್ಣಂದಿರೇ, ಕೆಲಸ ಜಾಸ್ತಿ ಅಂತ ಊಟ ಬಿಟ್ಟು ಡಬ್ಬಿ ಹಿಡಿದವರು ನಿಮ್ಮ ಮನೆಯಲ್ಲೂ ಇರಬಹುದು. ಮೈ ಸಣ್ಣಗಾಯಿತೆಂದು ಹೊಗಳಿ ಸುಮ್ಮನಾಗಬೇಡಿ, ಹೊತ್ತಿಗೆ ಸರಿಯಾಗಿ ಏನು ತಿನ್ನುತ್ತಿದ್ದಾರೆ ಕೇಳಿ. ಮಾತ್ರೆ ಬೇಕೋ ಬೇಡವೋ, ಬೇಕಾದರೆ ಎಷ್ಟು ಎಂಬುದನ್ನು ಡಾಕ್ಟರೋ ಆರೋಗ್ಯ ಕೇಂದ್ರದವರೋ ಹೇಳಲಿ, ಗಿರಾಕಿಯ ತೋಳು ಹೇಳುವುದು ಬೇಡ. ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ನಿಲ್ಲಿಸಬೇಡಿ, ಅದರ ನೆಪದಲ್ಲಿ ಊಟವನ್ನೂ ನಿಲ್ಲಿಸಬೇಡಿ. ತಲೆಸುತ್ತು, ಕೈನಡುಕ, ಕಾರಣವಿಲ್ಲದೆ ಮೈ ಇಳಿಯುವುದು, ಇವು ಕಂಡರೆ ಇವತ್ತೇ ಹೋಗಿ ತೋರಿಸಿ. ಇನ್ನು ಈ ಕಾಗದ ಮಡಚಿಟ್ಟು, ಕೈ ತೊಳೆದು, ಮನೆಯವರನ್ನೆಲ್ಲ ಕರೆದು ಊಟಕ್ಕೆ ಕೂತುಕೊಳ್ಳಿ. ಕತೆ ಓದಿ ಹೊಟ್ಟೆ ತುಂಬಿದವರನ್ನು ನಾನಂತೂ ಇದುವರೆಗೆ ನೋಡಿಲ್ಲ.